ಹೆಸರು ಹೇಳದ ಪ್ರಾರ್ಥನೆ

ಕನ್ನಡಕ ದಪ್ಪ ಇದ್ದರೆ ಕಣ್ಣು ಹೋಗಿದೆ, ಕನ್ನಡಕವೇ ಇಲ್ಲದಿದ್ದರೆ ಕಣ್ಣು ಗಟ್ಟಿಯಾಗಿದೆ ಎಂದು ನಂಬಿರುವ ಜನರ ನಡುವೆ ನಾನು ಹದಿನಾರು ವರ್ಷದಿಂದ ಕಣ್ಣು ಪರೀಕ್ಷೆ ಮಾಡಿಕೊಂಡು ಬದುಕುತ್ತಿದ್ದೇನೆ. ಅಂಗಡಿಯ ಮುಂದಿನ ಅರ್ಧದಲ್ಲಿ ಫ್ರೇಮುಗಳು, ಕನ್ನಡಿ, ಮಾಲೀಕರ ಮೇಜು. ಹಿಂದಿನ ಅರ್ಧ ನನ್ನದು. ಕಿಟಕಿಯಿಲ್ಲದ ಉದ್ದನೆಯ ಕೋಣೆ, ಒಂದು ತುದಿಯಲ್ಲಿ ಕುರ್ಚಿ, ಇನ್ನೊಂದು ತುದಿಯಲ್ಲಿ ದೀಪ ಹೊತ್ತಿಸಿದ ಅಕ್ಷರಗಳ ಪಟ. ಮೇಲಿನ ದೊಡ್ಡ ಅಕ್ಷರವನ್ನು ಎಲ್ಲರೂ ಗಟ್ಟಿಯಾಗಿ ಓದುತ್ತಾರೆ. ಸಾಲು ಕೆಳಗಿಳಿದಂತೆ ದನಿಯೂ ಇಳಿಯುತ್ತದೆ. ಕೊನೆಯ ಸಾಲಿಗೆ ಬಂದಾಗ ಕೆಲವರು ನನ್ನನ್ನೇ ಬೈಯುತ್ತಾರೆ, ಇಷ್ಟು ಸಣ್ಣದಾಗಿ ಯಾಕೆ ಬರೆಸಿದ್ದೀಯಮ್ಮ ಎಂದು.

ಭಾವ ಕೊನೆಯ ಸಾಲನ್ನು ನೀರು ಕುಡಿದಷ್ಟು ಸಲೀಸಾಗಿ ಓದಿದರು.

ಭಾವ ಅಂದರೆ ನನ್ನ ಅಕ್ಕನ ಗಂಡ. ಇಪ್ಪತ್ತೆರಡು ವರ್ಷದಿಂದ ಶಾಲೆಯ ವ್ಯಾನು ಓಡಿಸುತ್ತಾರೆ. ಈಗ ಅವರ ವ್ಯಾನಿನಲ್ಲಿ ಹನ್ನೊಂದು ಮಕ್ಕಳು, ಎಲ್ಲರಿಗಿಂತ ಚಿಕ್ಕದಕ್ಕೆ ಐದು ವರ್ಷ. ಆ ಸೋಮವಾರ ಮಧ್ಯಾಹ್ನ ಅಂಗಡಿಗೆ ಬಂದದ್ದು ಓದುವ ಕನ್ನಡಕಕ್ಕೆ. ಪೇಪರಿನ ಅಕ್ಷರ ಮಸುಕು, ಅಷ್ಟೇ ಎಂದರು. ಐವತ್ತು ದಾಟಿದವರಿಗೆ ಅದು ಇರುವುದೇ. ನಾನು ಚಹಾ ತರಿಸಿ ಅವರ ಎಡಗೈ ಪಕ್ಕದಲ್ಲಿಟ್ಟು, ಚೀಟಿ ಬರೆಯತೊಡಗಿದೆ.

"ಚಹಾ ತರಿಸ್ತೀನಿ ಅಂದೆ, ಎಲ್ಲಿ?" ಎಂದರು ಭಾವ.

ಲೋಟ ಅವರ ಮೊಣಕೈಗೆ ಇನ್ನೇನು ತಾಗುವಂತಿತ್ತು. ನಾನು ಪೆನ್ನು ಕೆಳಗಿಟ್ಟೆ. ಎದುರು ಸ್ಟೂಲು ಎಳೆದುಕೊಂಡು ಕೂತು, ನೀವು ಒಂದು ಕಣ್ಣು ಮುಚ್ಚಿ ನನ್ನ ಮೂಗನ್ನೇ ನೋಡಿ, ಪಕ್ಕದಿಂದ ಬೆರಳು ತರುತ್ತೇನೆ, ಕಂಡ ತಕ್ಷಣ ಹೇಳಿ ಎಂದೆ. ಬೆರಳು ಅವರ ಕಿವಿಯ ಪಕ್ಕದಿಂದ ಹೊರಟು ಕೆನ್ನೆಯ ಹತ್ತಿರ ಬಂತು, ಇನ್ನೂ ಮುಂದೆ ಬಂತು. ಭಾವ ಸುಮ್ಮನೆ ನನ್ನ ಮೂಗು ನೋಡುತ್ತಾ ಕೂತಿದ್ದರು.

"ಬೆರಳು ತರ್ತೀನಿ ಅಂದ್ಯಲ್ಲ, ತಾ," ಎಂದರು.

ಕಣ್ಣಿನ ಒತ್ತಡ ಅಳೆಯುವ ಮೆಷಿನಿನ ಮುಂದೆ ಗದ್ದ ಇಡಿಸಿದೆ. ಎರಡೂ ಕಣ್ಣಲ್ಲಿ ಇರಬೇಕಾದುದರ ಎರಡರಷ್ಟಿತ್ತು. ಈ ಕಾಯಿಲೆ ಬೆಕ್ಕಿನ ಹಾಗೆ ಸದ್ದಿಲ್ಲದೆ ಬರುತ್ತದೆ. ನೋಟದ ಅಂಚುಗಳು ಮೊದಲು ಹೋಗುತ್ತವೆ, ನಡುವಿನದು ಕೊನೆಯವರೆಗೂ ಇರುತ್ತದೆ. ಹಾಗಾಗಿ ಪಟದ ಕೊನೆಯ ಸಾಲು ಓದುವ ಮನುಷ್ಯನಿಗೆ ಪಕ್ಕದಲ್ಲಿ ನಿಂತವರು ಕಾಣುವುದಿಲ್ಲ. ಹೋದ ನೋಟ ವಾಪಸ್ ಬರುವುದಿಲ್ಲ, ಉಳಿದದ್ದನ್ನು ಹನಿ ಹಾಕಿ ಕಾಪಾಡಿಕೊಳ್ಳಬಹುದು. ಇದನ್ನೆಲ್ಲ ಹೇಳಿ, ಕಣ್ಣಾಸ್ಪತ್ರೆಗೆ ಚೀಟಿ ಬರೆದುಕೊಟ್ಟು, ಇವತ್ತಿನಿಂದ ವ್ಯಾನು ಬೇಡ ಭಾವ ಎಂದೆ.

"ಇಪ್ಪತ್ತೆರಡು ವರ್ಷದಲ್ಲಿ ಒಂದು ಗೀರು ಬಿದ್ದಿಲ್ಲ ಆ ಗಾಡಿಗೆ," ಎಂದರು ಭಾವ. "ಮೂರು ತಿಂಗಳು ತಡಿ ಮರಿ. ಮಕ್ಕಳ ಪರೀಕ್ಷೆ ಮುಗೀಲಿ. ಆಮೇಲೆ ನಾನೇ ಹೋಗಿ ತೋರಿಸ್ಕೋತೀನಿ. ನಿಮ್ಮಕ್ಕನಿಗೆ ಹೇಳಬೇಡ, ಅವಳಿಗೆ ಮೊದಲೇ ಬಿಪಿ. ನೀನು ಪ್ರಾರ್ಥನೆ ಮಾಡು, ಅಷ್ಟು ಸಾಕು."

ನಾನು ಸಿಡುಕಿ ಎಂದು ಹೆಸರು ಮಾಡಿದವಳು. ಅಂಗಡಿಯ ಮಾಲೀಕರೇ ನನ್ನ ಹತ್ತಿರ ಮಾತಾಡುವ ಮೊದಲು ಎರಡು ಸಲ ಕೆಮ್ಮುತ್ತಾರೆ. ಆದರೆ ಭಾವನ ಮುಂದೆ ನನ್ನ ನಾಲಿಗೆಗೆ ಇನ್ನೂ ಒಂಬತ್ತೇ ವರ್ಷ. ಅಪ್ಪ ತೀರಿಕೊಂಡಾಗ ನನಗೆ ಒಂಬತ್ತು. ಆಗಷ್ಟೇ ಮದುವೆಯಾಗಿದ್ದ ಭಾವ ಅಕ್ಕನ ಜೊತೆ ನನ್ನನ್ನೂ ಮನೆಗೆ ಕರೆದುಕೊಂಡು ಹೋದರು. ಶಾಲೆಯಲ್ಲಿ ಬೋರ್ಡಿನ ಮೇಲಿದ್ದದ್ದನ್ನು ತಪ್ಪು ಬರೆದು ದಿನಾ ಪೆಟ್ಟು ತಿನ್ನುತ್ತಿದ್ದೆ. ಇವಳಿಗೆ ಬುದ್ಧಿ ಕಮ್ಮಿ ಅಲ್ಲ, ಕಣ್ಣು ಕಮ್ಮಿ ಎಂದು ಕಂಡುಹಿಡಿದವರು ಭಾವ. ಮೊದಲ ಕನ್ನಡಕ ಹಾಕಿಕೊಂಡ ದಿನ ಮರದ ಎಲೆಗಳು ಒಂದೊಂದಾಗಿ ಬೇರೆ ಬೇರೆ ಇರುತ್ತವೆ ಎಂದು ನನಗೆ ಗೊತ್ತಾಯಿತು. ಅಂಥವರು ಚೀಟಿ ಮಡಚಿ ಜೇಬಿಗೆ ಹಾಕಿಕೊಂಡು, ಚಹಾ ಮುಗಿಸಿ ಎದ್ದು ಹೋದರು. ನಾನು ತುಟಿ ಪಿಟಕ್ ಎನ್ನಲಿಲ್ಲ.

ಎರಡು ದಿನ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಬುಧವಾರ ಬಂತು.

ನಮ್ಮದು ಸಣ್ಣ ಕ್ರೈಸ್ತ ಸಭೆ. ಭಾನುವಾರದ ಆರಾಧನೆ ಟೈರ್ ಅಂಗಡಿಯ ಮೇಲಿನ ಹಾಲ್‌ನಲ್ಲಿ, ಬುಧವಾರ ಸಂಜೆಯ ಪ್ರಾರ್ಥನೆ ಒಂದೊಂದು ವಾರ ಒಬ್ಬೊಬ್ಬರ ಮನೆಯಲ್ಲಿ. ಹಾಡು ಮುಗಿದ ಮೇಲೆ ಪ್ರಾರ್ಥನೆಯ ವಿಷಯಗಳನ್ನು ಕೇಳುತ್ತಾರೆ. ಒಬ್ಬೊಬ್ಬರಾಗಿ ಹೇಳುತ್ತಾರೆ, ನಾವೆಲ್ಲ ರೇಡಿಯೊ ಅಕ್ಕ ಎನ್ನುವ ಒಬ್ಬರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಅವರಿಗೆ ಆ ಹೆಸರು ಯಾಕೆ ಬಂತು ಎಂದು ವಿವರಿಸಬೇಕಾಗಿಲ್ಲ. ಬೇರೆ ಕಡೆ ಹೇಳಿದರೆ ಚಾಡಿ ಅನ್ನಿಸಿಕೊಳ್ಳುವ ಮಾತು ಇಲ್ಲಿ ಕಣ್ಣು ಮುಚ್ಚಿ ಹೇಳಿದರೆ ಪ್ರಾರ್ಥನೆಯ ವಿಷಯವಾಗುತ್ತದೆ. ಹೆಸರು ಬೇಡ ಬಿಡಿ, ಮೂರನೇ ಬೀದಿ, ಹಸಿರು ಗೇಟು, ಮಗಳು ಸೂಟ್‌ಕೇಸ್ ಸಮೇತ ವಾಪಸ್ ಬಂದಿದ್ದಾಳೆ, ಆ ಕುಟುಂಬದ ಸಮಾಧಾನಕ್ಕಾಗಿ ಪ್ರಾರ್ಥಿಸೋಣ. ಹೀಗೆ. ಇದನ್ನು ಆಡಿಕೊಂಡು ನಕ್ಕವರಲ್ಲಿ ನಾನೇ ಮೊದಲಿನವಳು.

ಆ ಬುಧವಾರ ನನ್ನ ಸರದಿ ಬಂದಾಗ ನಾನೇ ಹೇಳಿದೆ. "ನಮ್ಮ ಸಭೆಯ ಒಬ್ಬ ಸಹೋದರರು. ಅವರ ಕಣ್ಣಿಗೆ ತೊಂದರೆ ಬಂದಿದೆ. ಬೇರೆಯವರ ಜೀವ ಅವರ ಕೈಯಲ್ಲಿರೋ ಕೆಲಸ. ಅವರಿಗೆ ಒಳ್ಳೆ ಬುದ್ಧಿ ಕೊಡಲಿ ಅಂತ ಪ್ರಾರ್ಥನೆ ಮಾಡಿ." ಹೆಸರು ಹೇಳಲಿಲ್ಲ, ವ್ಯಾನು ಎನ್ನಲಿಲ್ಲ, ಯಾವ ಕಾಯಿಲೆ ಎಂದೂ ಹೇಳಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಎಲ್ಲರೂ ತಲೆ ಬಾಗಿಸಿದರು. ಇಷ್ಟು ಆಸಕ್ತಿಯಿಂದ ಪ್ರಾರ್ಥನೆ ಮಾಡಿದ್ದನ್ನು ನಾನು ಆ ಮನೆಗಳಲ್ಲಿ ಹಿಂದೆ ಕಂಡಿರಲಿಲ್ಲ. ಭಾವ ಬಂದಿರಲಿಲ್ಲ, ಅಕ್ಕ ನನ್ನ ಪಕ್ಕದಲ್ಲೇ ಚಾಪೆಯ ಮೇಲೆ ಕೂತಿದ್ದಳು. ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎಂದವಳು ಅವಳು. ಮನೆಗೆ ಹೋಗುವಾಗ ನನಗೆ ಹಗುರವೆನಿಸಿತ್ತು, ಭಾರವನ್ನು ಹೊರಬೇಕಾದ ದೇವರ ಹೆಗಲಿಗೇ ಹಾಕಿದ್ದೇನೆ ಎಂದುಕೊಂಡೆ. ಆ ಸಮಾಧಾನವನ್ನು ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಮುಂದಿನ ಸೋಮವಾರ ಮಧ್ಯಾಹ್ನ ಎರಡೂವರೆಗೆ ಸೋಡಾಬುಡ್ಡಿ ಎಂದು ಎಲ್ಲರೂ ಕರೆಯುವ ಅಣ್ಣ ನಮ್ಮ ಅಂಗಡಿಗೆ ಬಂದರು. ಅವರೂ ನಮ್ಮ ಸಭೆಯವರೇ, ಅವರೂ ಚಾಲಕರೇ. ವಯಸ್ಸಾದವರನ್ನು ಹಗಲು ಹೊತ್ತು ನೋಡಿಕೊಳ್ಳುವ ಒಂದು ಕೇಂದ್ರವಿದೆ. ಎಂಟು ಮಂದಿ ಮುದುಕರನ್ನು ಬೆಳಿಗ್ಗೆ ಹತ್ತಕ್ಕೆ ಅವರವರ ಮನೆಯಿಂದ ಅಲ್ಲಿಗೆ ಕರೆದುಕೊಂಡು ಹೋಗಿ ಎರಡಕ್ಕೆ ವಾಪಸ್ ಬಿಡುವ ಕೆಲಸ ಅವರದು. ಅವರ ಕನ್ನಡಕದ ದಪ್ಪಕ್ಕೆ ಸಭೆಯ ಮಕ್ಕಳು ಇಟ್ಟ ಹೆಸರು ಅದು, ಅವರೂ ನಕ್ಕು ಒಪ್ಪಿಕೊಂಡಿದ್ದರು. ಆ ದಿನ ನಗು ಇರಲಿಲ್ಲ. ಕರೆಯುವ ಮೊದಲೇ ಒಳಗೆ ಬಂದು ಕುರ್ಚಿಯಲ್ಲಿ ಕೂತರು.

"ಸಿಸ್ಟರ್, ನೇರವಾಗಿ ಹೇಳಿಬಿಡಿ. ಎಷ್ಟು ದಿನ ಇದೆ ನನ್ನ ಕಣ್ಣಿಗೆ?"

ನನಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಕೂತ ಸ್ಟೂಲಿನ ಅಂಚನ್ನು ಹಿಡಿದುಕೊಂಡೆ.

"ಬುಧವಾರ ನಾನು ಬಂದಿರಲಿಲ್ಲ. ಭಾನುವಾರ ಒಬ್ಬೊಬ್ಬರೇ ಬಂದು ಕೈ ಅದುಮಿದ್ರು," ಎಂದರು ಅವರು. "ನಿಮಗೋಸ್ಕರ ಪ್ರಾರ್ಥನೆ ಮಾಡ್ತಿದ್ದೀವಿ ಅಂದ್ರು. ಯಾಕೆ ಅಂತ ಯಾರೂ ಹೇಳಲಿಲ್ಲ. ಆಮೇಲೆ ನನ್ನ ಹೆಂಡತಿ ಕೇಳಿಕೊಂಡು ಬಂದಳು. ಕನ್ನಡಕದಂಗಡಿ ಸಿಸ್ಟರೇ ಹೇಳಿದ್ದಂತೆ ಅಂದಳು. ನನ್ನ ಕಣ್ಣು ಅಳೆಯೋರು ನೀವು. ನಿಮಗೆ ಗೊತ್ತಿಲ್ಲದೆ ಇರುತ್ತಾ? ಹೋದ ತಿಂಗಳು ಹೊಸ ಗ್ಲಾಸು ಹಾಕಿಕೊಟ್ರಲ್ಲ, ಆಗಲೇ ಕಂಡಿರಬೇಕು, ನನ್ನ ಮುಖ ನೋಡಿ ಹೇಳೋಕೆ ಮನಸ್ಸಾಗಿಲ್ಲ ಅಂದ್ಕೊಂಡೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾನು ಎದ್ದು ದೀಪ ಹಾಕಿದೆ. ಪಟ ಓದಿಸಿದೆ, ಬೆರಳು ತಂದೆ, ಒತ್ತಡ ಅಳೆದೆ. ಕನ್ನಡಕದೊಳಗಿನ ಆ ಕಣ್ಣು ಚಿನ್ನದಂಥ ಕಣ್ಣು. ಕೊನೆಯ ಸಾಲು ಓದಿ, ಅದರ ಕೆಳಗೆ ಇರುವೆಯಷ್ಟು ಸಣ್ಣದಾಗಿದ್ದ ಮುದ್ರಕರ ವಿಳಾಸವನ್ನೂ ಓದಿದರು. ನನ್ನ ಬೆರಳು ಕಿವಿಯ ಹತ್ತಿರವಿದ್ದಾಗಲೇ ಕಂಡಿತು ಎಂದರು. ನಿಮಗೆ ಏನೂ ಆಗಿಲ್ಲ ಅಣ್ಣ, ನಾನು ಹೇಳಿದ್ದು ನಿಮ್ಮ ವಿಷಯ ಅಲ್ಲ ಎಂದೆ. ಅವರು ಕನ್ನಡಕ ತೆಗೆದು ಮುಖ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು.

"ಹಾಗಾದ್ರೆ ಯಾರು?" ಎಂದು ಕೇಳಿ, ತಕ್ಷಣವೇ ಕೈ ಅಡ್ಡ ಮಾಡಿದರು. "ಬೇಡ, ಹೆಸರು ಬೇಡ. ಆ ಮನುಷ್ಯ ಇವತ್ತೂ ಕೆಲಸಕ್ಕೆ ಹೋಗಿದ್ದಾರಾ, ಅಷ್ಟು ಹೇಳಿ."

"ಹೋಗಿದ್ದಾರೆ."

"ಮತ್ತೆ ಅಷ್ಟು ಜನ ಸೇರ್ಕೊಂಡು ಏನು ಪ್ರಾರ್ಥನೆ ಮಾಡಿದ್ರಿ?"

ಕಣ್ಣು ಸರಿಯಾಗಿದೆ ಎಂದು ಅಂಗಡಿಯ ಕಾಗದದ ಮೇಲೆ ಬರೆದು ಮೊಹರು ಒತ್ತಿ ಕೊಟ್ಟೆ. ಅದನ್ನು ಹಿಡಿದುಕೊಂಡು ಬಾಗಿಲವರೆಗೆ ಹೋದವರು ತಿರುಗಿ, "ಕೇಂದ್ರದೋರು ಇದನ್ನ ನಂಬ್ತಾರೋ ಇಲ್ವೋ," ಎಂದರು. "ಮುದುಕರ ಮನೆಯವರೆಲ್ಲ ಹೆದರಿದ್ದಾರೆ, ಸ್ವಲ್ಪ ದಿನ ಬಿಡುವು ತಗೊಳ್ಳಿ ಅಂದಿದ್ದಾರೆ. ಪಾಪ, ಹಗಲು ಹೊತ್ತು ಖಾಲಿ ಇರ್ತಾರಲ್ಲ ಅಂತ ಇವತ್ತಿನಿಂದ ನಿಮ್ಮ ಭಾವನ್ನ ಕರೆದಿದ್ದಾರೆ. ಅವರಾದ್ರೆ ಕನ್ನಡಕವೇ ಇಲ್ಲ, ಕಣ್ಣು ಚೆನ್ನಾಗಿದೆ ಅಂತ."

ಹನ್ನೊಂದು ಮಕ್ಕಳಿದ್ದ ಕಡೆ ಈಗ ಎಂಟು ಮುದುಕರೂ ಸೇರಿದ್ದರು. ನನ್ನ ಪ್ರಾರ್ಥನೆಯಿಂದ ಆದದ್ದು ಇಷ್ಟು. ಮಾಲೀಕರು ಕೆಮ್ಮುವ ಮೊದಲೇ ನಾನು ಚೀಲ ಹೆಗಲಿಗೇರಿಸಿಕೊಂಡು ಬೀದಿಯಲ್ಲಿದ್ದೆ.

ನಡೆಯುತ್ತಾ ನನಗೆ ಸಿಟ್ಟು ಬಂದದ್ದು ದೇವರ ಮೇಲಲ್ಲ. ಸಹೋದರನಲ್ಲಿ ತಪ್ಪು ಕಂಡರೆ ಏನು ಮಾಡಬೇಕೆಂದು ಬೈಬಲಿನಲ್ಲಿ ಸ್ವಾಮಿ ಮೆಟ್ಟಿಲು ಮೆಟ್ಟಿಲಾಗಿ ಹೇಳಿಟ್ಟಿದ್ದಾನೆ. ಮೊದಲು ಅವನೊಬ್ಬನ ಹತ್ತಿರ ನೀನೊಬ್ಬಳೇ ಹೋಗು. ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು. ಭಾನುವಾರದ ಪಾಠದಲ್ಲಿ ಪುಟ್ಟ ಮಕ್ಕಳೂ ಕಲಿಯುವ ಮಾತು ಇದು. ನಾನು ಮೂರನೇ ಮೆಟ್ಟಿಲಿನಿಂದ ಹತ್ತಲು ಹೊರಟವಳು. ಅಂಗಡಿಯಲ್ಲಿ ಭಾವನ ಮುಂದೆ ಒಂದು ಮಾತು ಗಟ್ಟಿಯಾಗಿ ಹೇಳುವ ಧೈರ್ಯವಿಲ್ಲದೆ ಹೋದದ್ದಕ್ಕೆ ಇಡೀ ಸಭೆಯ ಕಣ್ಣು ಮುಚ್ಚಿಸಿದ್ದೆ. ಭಾವನ ಹತ್ತಿರ ಹೋಗುವುದನ್ನು ತಪ್ಪಿಸಿಕೊಳ್ಳಲು ದೇವರ ಹತ್ತಿರ ಹೋಗಿದ್ದೆ.

ಶಾಲೆ ಬಿಡಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಗೇಟಿನ ಮುಂದೆ ವ್ಯಾನುಗಳು ಸಾಲಾಗಿ ನಿಂತಿದ್ದವು. ಭಾವನದು ಎರಡನೆಯದು. ನಾನು ಅದರ ಎಡ ಪಕ್ಕದಿಂದ ಬಂದು ಮುಂದಿನ ಕಿಟಕಿಯ ಹತ್ತಿರ ನಿಂತೆ. ಗಾಜು ಇಳಿಸಿತ್ತು. ಭಾವ ಸ್ಟೀರಿಂಗಿನ ಹಿಂದೆ ಕೂತು, ನೇರ ಮುಂದೆ ನೋಡುತ್ತಾ, ಒಂದು ಹಾಡು ಗುನುಗುತ್ತಾ ಬಾಚಣಿಗೆ ತೆಗೆದು ತಲೆ ಬಾಚಿಕೊಂಡರು. ನಾನು ಕೈ ಎತ್ತಿದೆ. ಮತ್ತೆ ಆಡಿಸಿದೆ. ಅವರು ಬಾಚಣಿಗೆಯನ್ನು ಜೇಬಿಗೆ ಹಾಕಿಕೊಂಡು ಹಾಡಿನ ಎರಡನೇ ಚರಣಕ್ಕೆ ಹೋದರು.

"ಭಾವ," ಎಂದೆ.

ಬೆಚ್ಚಿ ಇಡೀ ತಲೆಯನ್ನೇ ತಿರುಗಿಸಿದರು. "ಯಾವಾಗ ಬಂದೆ?"

"ಬಂದು ಒಂದು ನಿಮಿಷ ಆಯ್ತು. ಇಲ್ಲೇ ನಿಂತಿದ್ದೆ, ಮಕ್ಕಳು ಹತ್ತಿ ಇಳಿಯೋ ಕಡೆ. ಅವರಿಗಿಂತ ನಾನು ಎರಡು ಪಟ್ಟು ಎತ್ತರ ಇದ್ದೀನಿ ಭಾವ."

ನಾನು ಹತ್ತಿ ಪಕ್ಕದ ಸೀಟಿನಲ್ಲಿ ಕೂತೆ. ಸೋಡಾಬುಡ್ಡಿ ಬಂದದ್ದನ್ನು ಹೇಳಿದೆ. ಇವತ್ತು ಮಕ್ಕಳನ್ನು ಹತ್ತಿಸಬೇಡಿ, ನೀವೇ ಒಳಗೆ ಹೋಗಿ ಮುಖ್ಯೋಪಾಧ್ಯಾಯಿನಿಗೆ ಹೇಳಿ, ನಾನು ಜೊತೆಗೆ ಬರುತ್ತೇನೆ ಎಂದೆ.

ಭಾವ ಸ್ಟೀರಿಂಗಿನ ಮೇಲಿದ್ದ ಕೈ ಕೆಳಗಿಳಿಸಿದರು. ಆಮೇಲೆ, "ಬುಧವಾರ ನಿಮ್ಮಕ್ಕ ಮನೆಗೆ ಬಂದು ಹೇಳಿದಳು," ಎಂದರು. "ಪಾಪ, ಸೋಡಾಬುಡ್ಡಿ ಇರಬೇಕು ಅಂದಳು. ನನಗೆ ಗೊತ್ತಿತ್ತು ಯಾರ ವಿಷಯ ಅಂತ. ಊಟಕ್ಕೆ ಮುಂಚೆ ಅವರಿಗೋಸ್ಕರ ಪ್ರಾರ್ಥನೆ ಮಾಡೋಣ ಅಂದಳು. ಕಣ್ಣು ಮುಚ್ಚಿಕೊಂಡು ನಾನೂ ಆಮೆನ್ ಅಂದೆ."

"ಆಮೇಲೆ ಅವರ ಗಾಡಿಯನ್ನೂ ತಗೊಂಡ್ರಿ."

"ಬೇಡ ಅಂದ್ರೆ ಯಾಕೆ ಅಂತ ಕೇಳ್ತಾರಲ್ಲ," ಎಂದರು ಭಾವ. ನನಗೆ ಪ್ರಾರ್ಥನೆ ಕಲಿಸಿದ ಮನುಷ್ಯ. ಅವರ ಮುಖ ನೋಡಲಾಗದೆ ನಾನು ಡ್ಯಾಶ್‌ಬೋರ್ಡಿನ ಧೂಳು ನೋಡಿದೆ. ಅವರನ್ನು ದೂರುವ ಯೋಗ್ಯತೆಯೂ ನನಗಿರಲಿಲ್ಲ, ಆ ಬಾಗಿಲನ್ನು ತೆರೆದುಕೊಟ್ಟವಳು ನಾನೇ.

ಗಂಟೆ ಹೊಡೆಯಿತು. ಮಕ್ಕಳ ಗಲಾಟೆ ಅಂಗಳಕ್ಕೆ ಬಂತು. ಎರಡನೇ ಮೆಟ್ಟಿಲಿಗೆ ಯಾರನ್ನೋ ಕರೆದು ತರುವಷ್ಟು ಸಮಯವಿರಲಿಲ್ಲ.

"ನೀವು ಹೇಳದಿದ್ರೆ ನಾನು ಹೇಳ್ತೀನಿ ಭಾವ."

"ಹೋಗು, ಹೇಳು," ಎಂದರು. "ನಿನಗೆ ಅಭ್ಯಾಸ ಆಗಿದೆಯಲ್ಲ."

ಇಳಿದು ಓಡಿದೆ. ಮುಖ್ಯೋಪಾಧ್ಯಾಯಿನಿ ನನ್ನ ಮಾತು ಅರ್ಧ ಕೇಳಿ ಗೇಟಿಗೆ ಆಳು ಕಳಿಸಿದರು. ಹನ್ನೊಂದು ಮನೆಗೂ ಫೋನು ಹೋಯಿತು. ತಾಯಂದಿರು ಒಬ್ಬೊಬ್ಬರಾಗಿ ಬಂದು ಮಕ್ಕಳ ಕೈ ಹಿಡಿದುಕೊಂಡು ಹೋಗುವಾಗ ವ್ಯಾನಿನ ಕಡೆ ತಿರುಗಿ ನೋಡುತ್ತಿದ್ದರು. ಐದು ವರ್ಷದ ಮಗು ಮಾತ್ರ ದಿನದ ಹಾಗೆ ಟಾಟಾ ಮಾಡಿತು. ಅದು ನಿಂತದ್ದು ಎಡಗಡೆ. ಭಾವ ಕೈ ಎತ್ತಲಿಲ್ಲ. ಕೊನೆಯ ಮಗು ಹೋಗುವವರೆಗೆ ಕೂತಿದ್ದು, ಕೀಲಿಯನ್ನು ಕಚೇರಿಯ ಮೇಜಿನ ಮೇಲಿಟ್ಟು, ನನ್ನ ಪಕ್ಕದಿಂದಲೇ ನಡೆದು ಹೋದರು. ನನ್ನನ್ನು ನೋಡಿಯೂ ಸುಮ್ಮನಾದರೋ, ನಾನು ಕಾಣಲಿಲ್ಲವೋ, ಅವರ ಕಣ್ಣಿನ ಬಗ್ಗೆ ಎಲ್ಲರಿಗಿಂತ ಹೆಚ್ಚು ತಿಳಿದ ನನಗೂ ಗೊತ್ತಾಗಲಿಲ್ಲ.

ಅಕ್ಕನಿಗೆ ವಿಷಯ ತಿಳಿದದ್ದು ಯಾವುದೋ ಮಗುವಿನ ತಾಯಿಯ ಫೋನಿನಿಂದ. ಅವತ್ತು ನಾನು ಹತ್ತು ಸಲ ಫೋನು ಮಾಡಿದೆ. ಅವಳು ಎತ್ತಲಿಲ್ಲ.

ಬುಧವಾರ ಪ್ರಾರ್ಥನೆಗೆ ಹೋದೆ. ಅಕ್ಕ ಬಂದಿರಲಿಲ್ಲ. ರೇಡಿಯೊ ಅಕ್ಕ ನೋಟ್‌ಬುಕ್ ತೆರೆದು ನನ್ನ ಕಡೆ ನೋಡಿದಾಗ, ಬರೆದುಕೊಳ್ಳಬೇಡಿ, ಇದು ಪ್ರಾರ್ಥನೆಯ ವಿಷಯ ಅಲ್ಲ, ನನ್ನ ತಪ್ಪು ಎಂದೆ. ಹೋದ ವಾರ ನಾನು ಹೇಳಿದ್ದು ಈ ಅಣ್ಣನ ಬಗ್ಗೆ ಅಲ್ಲ, ಇವರ ಕಣ್ಣಿಗೆ ಏನೂ ಆಗಿಲ್ಲ, ಹೇಳಬೇಕಾದವರಿಗೆ ಹೇಳದೆ ನಿಮಗೆ ಹೇಳಿದೆ ಎಂದೆ. ಮೂಲೆಯಲ್ಲಿ ಕೂತಿದ್ದ ಸೋಡಾಬುಡ್ಡಿಯ ಕಡೆಗೆ ಎಲ್ಲರೂ ತಿರುಗಿದರು, ಆಮೇಲೆ ನೆಲ ನೋಡಿದರು. ರೇಡಿಯೊ ಅಕ್ಕ ನೋಟ್‌ಬುಕ್ಕನ್ನು ಮುಚ್ಚಿದರು.

"ನಾನು ಆರು ಮನೆಗೆ ಹೇಳಿದ್ದೀನಿ," ಎಂದರು ಮೆಲ್ಲಗೆ. "ಪ್ರಾರ್ಥನೆ ಮಾಡ್ಲಿ ಅಂತಾನೇ ಹೇಳಿದ್ದು. ನಾಳೆ ಆ ಮನೆಗಳಿಗೆ ಹೋಗಿ ತಪ್ಪಾಯ್ತು ಅಂತ ಹೇಳೋಣ, ನಿನ್ನ ಜೊತೆ ನಾನೂ ಬರ್ತೀನಿ."

ಆ ಹೆಂಗಸಿನ ಬಗ್ಗೆ ಆಡಿಕೊಂಡ ನನ್ನ ಬಾಯಿಗೆ ಅದು ಸಾಕಾಯಿತು. ಇಬ್ಬರೂ ಮೂರು ದಿನ ಮನೆ ಮನೆ ಸುತ್ತಿದೆವು. ಮುದುಕರ ಮಕ್ಕಳು, ಸೊಸೆಯರು, ಕೇಂದ್ರದ ಮೇಲ್ವಿಚಾರಕಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಗಾದೆ ಹೇಳುವುದು ಸುಲಭ, ಆಡಿದ ಮಾತಿನ ಹಿಂದೆ ಕಾಲ್ನಡಿಗೆಯಲ್ಲಿ ಹೋಗಿ ನೋಡಬೇಕು. ಕೆಲವರು ಒಳಗೆ ಕೂರಿಸಿ ಕೇಳಿದರು. ಒಬ್ಬ ಸೊಸೆ, ಬೆಂಕಿಯಿಲ್ಲದೆ ಹೊಗೆ ಆಡುತ್ತಾ ಎಂದು ಬಾಗಿಲು ಹಾಕಿಕೊಂಡಳು. ಎಂಟರಲ್ಲಿ ಆರು ಮನೆಯವರು ಒಪ್ಪಿದರು, ಸೋಡಾಬುಡ್ಡಿ ಮತ್ತೆ ಗಾಡಿ ಹತ್ತಿದರು. ಉಳಿದ ಎರಡು ಮನೆಯ ಮುದುಕರು ಈಗಲೂ ಆಟೊದಲ್ಲಿ ಬರುತ್ತಾರೆ.

"ಕ್ಷಮಿಸಿದ್ದೀನಿ ಸಿಸ್ಟರ್," ಎಂದರು ಸೋಡಾಬುಡ್ಡಿ. "ಆದ್ರೂ ಒಂದೊಂದ್ಸಲ ಸಿಗ್ನಲ್‌ನಲ್ಲಿ ನಿಂತಾಗ ಕಣ್ಣು ಮುಚ್ಚಿ ತೆಗೆದು ನೋಡ್ಕೋತೀನಿ, ಇದೆಯಾ ಅಂತ."

ಉಳಿದದ್ದು ಒಂದೇ ಮನೆ. ಭಾನುವಾರ ಆರಾಧನೆ ಮುಗಿದ ಮೇಲೆ ಅಲ್ಲಿಗೆ ಹೋದೆ. ಅಕ್ಕ ಬಾಗಿಲು ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಭಾವ ಕಣ್ಣಾಸ್ಪತ್ರೆಗೆ ಹೋಗಿ ಬಂದಿದ್ದರು. ಒಂದು ಕಣ್ಣಲ್ಲಿ ಅರ್ಧ, ಇನ್ನೊಂದರಲ್ಲಿ ಇನ್ನೂ ಕಮ್ಮಿ ನೋಟ ಉಳಿದಿದೆ ಎಂದು ಡಾಕ್ಟರು ಹೇಳಿದ್ದರಂತೆ. ಇದನ್ನು ಅವಳು ಹೊಸ್ತಿಲಲ್ಲೇ ನಿಂತು, ಬೇರೆ ಯಾರದೋ ವಿಷಯ ಹೇಳುವವಳ ಹಾಗೆ ಹೇಳಿದಳು. ಆಮೇಲೆ, "ಹನಿ ಹಾಕಬೇಕು, ನನ್ನ ಕೈ ನಡುಗುತ್ತೆ, ಕೆನ್ನೆ ಮೇಲೆ ಬೀಳುತ್ತೆ. ಒಳಗೆ ಬಾ. ಹಾಕಿ ಹೋಗು," ಎಂದಳು.

ಭಾವ ಮಂಚದ ಮೇಲೆ ಮಲಗಿದ್ದರು. ಯಾರೆಂದು ಕೇಳಲಿಲ್ಲ. ನಾನು ಕೆಳ ರೆಪ್ಪೆಯನ್ನು ಎಳೆದು ಒಂದು ಕಣ್ಣಿಗೆ ಒಂದು ಹನಿ, ಇನ್ನೊಂದಕ್ಕೆ ಒಂದು ಹನಿ ಬಿಟ್ಟೆ. ಕಣ್ಣು ಮುಚ್ಚಿಕೊಂಡೇ ಅವರು, "ಮಕ್ಕಳನ್ನ ಯಾರು ಕರ್ಕೊಂಡು ಹೋಗ್ತಿದ್ದಾರೆ?" ಎಂದು ಕೇಳಿದರು. ಹೊಸ ಚಾಲಕ ಬಂದಿದ್ದಾನೆ, ಚಿಕ್ಕ ವಯಸ್ಸು ಎಂದೆ. ಜೋರಾಗಿ ಓಡಿಸಬೇಡ ಅಂತ ಹೇಳು ಎಂದರು. ಅಷ್ಟೇ.

ಅಡುಗೆಮನೆಯಲ್ಲಿ ಕೈ ತೊಳೆಯುತ್ತಿದ್ದಾಗ ಅಕ್ಕ ಬಂದು ಹಿಂದೆ ನಿಂತಳು. ಮಕ್ಕಳಿಗೆ ಏನೂ ಆಗಲಿಲ್ಲವಲ್ಲ ಅಕ್ಕ ಎಂದೆ. ನೀನು ಶಾಲೆಯಲ್ಲಿ ಹೇಳಿದ್ದಕ್ಕೆ ನನಗೆ ಕೋಪ ಇಲ್ಲ, ಹೇಳಲೇಬೇಕಿತ್ತು ಎಂದಳು. ನನಗೆ ಉಸಿರು ಬಂದ ಹಾಗಾಯಿತು. ಟವೆಲ್ ಕೊಟ್ಟಳು. ಕೊಟ್ಟ ಮೇಲೆ ಹೇಳಿದಳು.

"ಆ ಬುಧವಾರ ಚಾಪೆ ಮೇಲೆ ನಿನ್ನ ಮೊಣಕಾಲು ನನ್ನ ಮೊಣಕಾಲಿಗೆ ತಾಗ್ತಿತ್ತು ಕಣೇ. ನನ್ನ ಗಂಡನ ಕಣ್ಣು ಹೋಗ್ತಿದೆ ಅಂತ ನೀನು ದೇವರಿಗೆ ಹೇಳಿದೆ, ಊರಿಗೆ ಹೇಳಿದೆ. ಪಕ್ಕಕ್ಕೆ ತಿರುಗಿ ನನಗೆ ಹೇಳಲಿಲ್ಲ."